ಇಬ್ಬರ ಕೆನ್ನೆಗೂ ಬಿದ್ದ ಏಟು

ಗಾಳಿ, ಪೀಡೆ, ದೃಷ್ಟಿ, ಶಕುನ ಇವುಗಳಲ್ಲಿ ಒಂದನ್ನೂ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ಬಾಯಿ ಮುಚ್ಚಿಕೊಂಡು ಇರುವ ಸ್ವಭಾವವೂ ನನ್ನದಲ್ಲ. ನಂಜನಗೂಡಿನ ಬಜಾರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು. ಮೊದಲು ರೇಡಿಯೊ ರಿಪೇರಿ, ಆಮೇಲೆ ಟಿ.ವಿ., ಆಮೇಲೆ ಬ್ಯಾಟರಿ. ಹಳ್ಳಿಗಳಿಗೆ ಸೋಲಾರ್ ದೀಪ ಬರತೊಡಗಿದ ಮೇಲೆ ಅದೂ. ಕೆಟ್ಟ ಟಿ.ವಿ.ಗೆ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟಿಕೊಂಡು ತರುವವರು ಇರುತ್ತಿದ್ದರು. ಮೊದಲು ಆ ಹಣ್ಣು ಬಿಚ್ಚಿ ಪಾನಕ ಮಾಡಿಕೊಂಡು ಕುಡಿಯಿರಿ, ಆಮೇಲೆ ಟಿ.ವಿ. ನೋಡೋಣ ಎನ್ನುತ್ತಿದ್ದೆ. ಮೀಟರಿನ ಮುಳ್ಳು ಅಲ್ಲಾಡಿದರೆ ಉಂಟು, ಅಲ್ಲಾಡದಿದ್ದರೆ ಇಲ್ಲ. ಇಷ್ಟೇ ನನ್ನ ವೇದಾಂತವಾಗಿತ್ತು.

ಇಂಥವನು ಇದನ್ನು ಬರೆಯುತ್ತಿದ್ದೇನೆ ಎಂದರೆ ನನಗೇ ನಾಚಿಕೆಯಾಗುತ್ತದೆ. ನೀವು ನಂಬಬೇಕೆಂದು ಕೇಳುವುದಿಲ್ಲ. ಬೇರೆ ಯಾರಾದರೂ ನನಗೆ ಈ ಕಥೆ ಹೇಳಿದ್ದರೆ ಅವರಿಗೂ ಪಾನಕ ಕುಡಿಯಲು ಹೇಳಿ ಕಳಿಸುತ್ತಿದ್ದೆ. ಇದು ನಡೆದದ್ದು ಅಮಾವಾಸ್ಯೆಯ ರಾತ್ರಿಯಲ್ಲೂ ಅಲ್ಲ, ಸ್ಮಶಾನದಲ್ಲೂ ಅಲ್ಲ. ಕಣ್ಣು ಬಿಡಲಾಗದಂಥ ಬಿಸಿಲಿನ ಒಂದು ಮಧ್ಯಾಹ್ನ, ತಿರುಮಕೂಡಲು ನರಸೀಪುರದ ಹೊಳೆದಂಡೆಯಲ್ಲಿ, ಒಂದು ಹಳೆಯ ಮಿನಿ ಬಸ್ಸಿನೊಳಗೆ.

ಆ ಬಸ್ಸಿನ ಯಜಮಾನ ಮಹದೇವಸ್ವಾಮಿ ನನ್ನ ಬಾಲ್ಯದ ಗೆಳೆಯ. ಒಂದೇ ಬೀದಿಯವರು, ಒಂದೇ ಗರಡಿಯವರು. ನಮ್ಮ ಗರಡಿಯಲ್ಲಿ ಒಂದು ಕಟ್ಟಳೆ ಇತ್ತು. ಒಂದೇ ಮಣ್ಣನ್ನು ಮೈಗೆ ಹಚ್ಚಿಕೊಂಡವರು ಒಬ್ಬರನ್ನೊಬ್ಬರು ಎತ್ತಿ ಹಾಕಬಹುದು, ತೋಳು ತಿರುಚಬಹುದು, ಉಸಿರು ಕಟ್ಟುವ ಹಾಗೆ ಅದುಮಬಹುದು. ಆದರೆ ಮುಖಕ್ಕೆ ಕೈ ಮಾಡಬಾರದು. ಮುಖಕ್ಕೆ ಹೊಡೆದವನು ಆ ಮಣ್ಣಿಗೆ ಹೊರಗು. ಅವನ ಜೊತೆ ಯಾರೂ ಮತ್ತೆ ಕೈ ಕೂಡಿಸುತ್ತಿರಲಿಲ್ಲ. ಹಾಗೆ ಹೊರಗಾದ ಒಬ್ಬನನ್ನು ನಾವಿಬ್ಬರೂ ಹುಡುಗರಾಗಿದ್ದಾಗ ಕಣ್ಣಾರೆ ಕಂಡಿದ್ದೆವು. ಅವನು ಗರಡಿಯ ಬಾಗಿಲ ಬಳಿ ಎಷ್ಟೋ ದಿನ ಬಂದು ನಿಂತು ಹೋಗುತ್ತಿದ್ದ. ನಾನು ಮುಂಗೋಪಿ, ಬೀದಿಯಲ್ಲಿ ಬೇಕಾದಷ್ಟು ಜನರ ಮೇಲೆ ಕೈ ಮಾಡಿದ್ದೇನೆ. ಮಹದೇವಸ್ವಾಮಿಯೂ ಏನೂ ಸಾಧುವಲ್ಲ. ಆದರೂ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ಕೋಪದಲ್ಲಿ ಮುಟ್ಟಿರಲಿಲ್ಲ.

ಅವನು ನಂಜನಗೂಡು ನರಸೀಪುರದ ನಡುವೆ ಓಡುವ ಪ್ರೈವೇಟ್ ಬಸ್ಸಿಗೆ ಡ್ರೈವರಾದ. ರಾತ್ರಿ ನಿಲುಗಡೆ ಆದ ಊರಲ್ಲೇ ಬಸ್ಸಿನ ಸೀಟಿನ ಮೇಲೆ ಮಲಗುವುದು, ಬೆಳಗಾಗೆದ್ದು ಹೊರಡುವುದು. ಹೆಂಡತಿ ರಾಜಮ್ಮ ಮನೆಯಲ್ಲಿ ಒಬ್ಬಳೇ. ಮಕ್ಕಳಾಗಲಿಲ್ಲ. ಗಂಡನ ಬಸ್ಸಿನ ಬೋರ್ಡಿನಲ್ಲಿ ಬರೆದ ಊರುಗಳನ್ನು ಅವಳು ಓದಿದ್ದಳೇ ಹೊರತು ನೋಡಿರಲಿಲ್ಲ. ಕೆಲಸ ಬಿಟ್ಟ ಮೇಲೆ ಅವನು ಒಂದು ಹಳೆಯ ಮಿನಿ ಬಸ್ಸು ಕೊಂಡು, ಸೀಟು ಕಿತ್ತು ಹಾಕಿಸಿ, ಮಲಗಲು ಹಲಗೆಯ ಮಂಚ, ಒಂದು ಗ್ಯಾಸ್ ಒಲೆ, ನೀರಿನ ಡ್ರಮ್ಮು, ಬಟ್ಟೆಗೆ ಒಂದು ಬೀರು ಎಲ್ಲವನ್ನೂ ಕೂರಿಸಿದ. ಡ್ರೈವರ್ ಸೀಟಿನ ಹಿಂದಿನ ಅಡ್ಡಗೋಡೆಯ ಮೇಲ್ಗಡೆ, ಚಾವಣಿಗೆ ಹತ್ತಿರವಾಗಿ, ರಾಜಮ್ಮನ ದೇವರ ಗೂಡು. ಬಸ್ಸಿನ ನೆತ್ತಿಯ ಮೇಲೆ ಸೋಲಾರ್ ಪ್ಲೇಟು. ಜನ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟು ನಕ್ಕರು. ಗಂಡಹೆಂಡಿರು ಅದರಲ್ಲೇ ಸೋಮನಾಥಪುರ, ಮುಡುಕುತೊರೆ ಎಂದು ತಿರುಗಿ ಬಂದರು. ಮುಂದಿನ ಪಯಣ ಕಡಲಿಗೆ ಎಂದು ಮಾತಾಗಿತ್ತು. ರಾಜಮ್ಮ ಕಡಲು ನೋಡಿರಲಿಲ್ಲ.

ಅಷ್ಟರಲ್ಲಿ ಗಾಡಿಯಲ್ಲಿ ವಾಸನೆ ಶುರುವಾಯಿತು. ಕೊಳೆತ ಮೊಟ್ಟೆಯ ವಾಸನೆ. ಮೊಟ್ಟೆಯನ್ನು ಹೊಸಿಲು ದಾಟಿಸದ ಮನೆತನದ ಹೆಂಗಸು, ದೇವರ ಮುಂದೆ ಕಣ್ಣು ಮುಚ್ಚಿದರೆ ಸಾಕು, ಮೂಗಿಗೆ ಇದು. ತೊಳೆದಳು, ಒರೆಸಿದಳು, ಸಾಂಬ್ರಾಣಿ ಹಾಕಿದಳು. ಹೋಗಲಿಲ್ಲ. ಕಡೆಗೆ, ಇದು ಹೋಗುವವರೆಗೆ ಗಾಡಿಯಲ್ಲಿ ಅಡುಗೆಯೂ ಇಲ್ಲ, ಪೂಜೆಯೂ ಇಲ್ಲ, ಕಡಲೂ ಬೇಡ, ಊರಿಗೆ ಹೋಗೋಣ ಎಂದು ಹಟ ಹಿಡಿದಳಂತೆ. ನರಸೀಪುರದ ಬೂತಿನಿಂದ ಮಹದೇವಸ್ವಾಮಿ ನನಗೆ ಫೋನು ಮಾಡಿದ.

ಫೋನಿನಲ್ಲೇ ನನಗೆ ರೋಗ ಗೊತ್ತಾಯಿತು. ಸೋಲಾರ್ ಪ್ಲೇಟಿಗೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಎಂಬ ಒಂದು ಡಬ್ಬ ಇರುತ್ತದೆ. ಬ್ಯಾಟರಿ ತುಂಬಿದ ಕೂಡಲೆ ಅದು ಪ್ಲೇಟಿನಿಂದ ಬರುವ ಕರೆಂಟನ್ನು ತಡೆಯಬೇಕು. ಗಾಡಿ ಕಟ್ಟಿದ ಪುಣ್ಯಾತ್ಮ ಆ ಡಬ್ಬವನ್ನು ಮಂಚದ ಕೆಳಗಿನ ಬ್ಯಾಟರಿ ಪೆಟ್ಟಿಗೆಯೊಳಗೇ ಕೂರಿಸಿದ್ದ. ಆಸಿಡ್ಡಿನ ಆವಿಗೆ ಅದರ ಹಿತ್ತಾಳೆ ತುದಿಗಳು ಹಸಿರು ಹಿಡಿದು, ತಡೆಯುವ ಕೆಲಸ ನಿಂತಿತ್ತು. ಬ್ಯಾಟರಿ ದಿನವಿಡೀ ಬಿಸಿಲಿಗೆ ಅನ್ನದ ಹಾಗೆ ಕುದಿಯುತ್ತಿತ್ತು. ವಾಸನೆ ಅದರದ್ದು. ಕುದಿಯುವ ಬ್ಯಾಟರಿಯಿಂದ ಹೊರಡುವ ಗ್ಯಾಸು ಪೆಟ್ಟಿಗೆಯಲ್ಲಿ ತುಂಬಿಕೊಂಡರೆ, ಒಂದು ಕಿಡಿ ಸಾಕು. ಅದಕ್ಕೇ ಪೆಟ್ಟಿಗೆಯಿಂದ ಗಾಡಿಯ ಹೊರಕ್ಕೆ ಒಂದು ಉಸಿರುಗಂಡಿ ಬಿಟ್ಟಿರುತ್ತಾರೆ. ಹೊಸ ಕಂಟ್ರೋಲರ್ ತಂದು ಪೆಟ್ಟಿಗೆಯಿಂದ ದೂರ, ಡ್ರೈವರ್ ಸೀಟಿನ ಹಿಂದಿನ ಅಡ್ಡಗೋಡೆಗೆ ಕೂರಿಸಿ, ಹೊಸ ವೈರು ಎಳೆದುಬಿಡೋಣ, ಒಂದು ಹೊತ್ತಿನ ಕೆಲಸ ಎಂದೆ. ಮರುದಿನ ಚೀಲ ಹಿಡಿದು ಬಸ್ಸು ಹತ್ತಿದೆ.

ಗಾಡಿ ಹೊಳೆದಂಡೆಯ ಹೊಂಗೆಮರದ ಪಕ್ಕದಲ್ಲಿ ನಿಂತಿತ್ತು. ಮರದ ಬುಡದಲ್ಲಿ ರಾಜಮ್ಮ ಚಾಪೆ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಕೆಲಸದ ವಿಚಾರ ಕೇಳಿ ಅವಳ ಮುಖ ಸಣ್ಣದಾಯಿತು. ಅಡ್ಡಗೋಡೆ ಎಂದರೆ ದೇವರ ಗೋಡೆ. ಅದಕ್ಕೆ ತೂತು ಕೊರೆಯಬೇಕು.

"ಬೇರೆ ಕಡೆ ಆಗಲ್ವಾ ಅಣ್ಣ?" ಎಂದಳು.

"ಬೇರೆ ಕಡೆ ಎಲ್ಲಾ ತಗಡು ಕಣವ್ವ, ಬಿಸಿಲಿಗೆ ಕಾದು ಡಬ್ಬ ಸುಟ್ಟೋಯ್ತದೆ. ಆ ಗೋಡೆ ಒಂದೇ ಮರದ್ದು" ಎಂದೆ.

ಅವಳು ಎದ್ದು ಕೈಕಾಲು ತೊಳೆದು ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ದೇವರಿರುವ ಗೋಡೆಗೆ ಉಳಿ ಸುತ್ತಿಗೆ ಹಾಕುವಾಗ ದೀಪ ಹಚ್ಚಿಟ್ಟು ತಪ್ಪೊಪ್ಪಿಕೊಳ್ಳಬೇಕು, ಕೆಲಸ ಮುಗಿಯುವ ತನಕ ಅದು ಆರಬಾರದು. ಅವರ ಮನೆಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಹೊಳೆಯ ಕಡೆಯ ಗಾಳಿಗೆ ದೀಪ ಓಲಾಡುತ್ತಿತ್ತು ಎಂದು ಕಿಟಕಿಗಳನ್ನೂ ಎಳೆದುಬಿಟ್ಟಳು. ಬ್ಯಾಟರಿ ಇರುವ ಜಾಗದಲ್ಲಿ ಬೆಂಕಿ ಬೇಡ ಎಂದು ನಾನು ಹೇಳದೆ ಇರಲಿಲ್ಲ.

"ಬುಡ್ಲಾ ಇಂಜಿನೀರು, ದೀಪ ಎಲ್ಲದ, ಪೆಟ್ಗ ಎಲ್ಲದ?" ಎಂದು ಮಹದೇವಸ್ವಾಮಿ ನಕ್ಕ. ನಾನು ಏನು ಹೇಳಿದರೂ ಅವನು ನನ್ನನ್ನು ಇಂಜಿನೀರು ಎಂದೇ ಅಣಕಿಸುತ್ತಿದ್ದ.

ದೀಪ ಮೇಲೆ, ಪೆಟ್ಟಿಗೆ ಕೆಳಗೆ, ಪೆಟ್ಟಿಗೆಗೆ ಉಸಿರುಗಂಡಿ ಬೇರೆ ಇದೆ ಎಂದು ನಾನೂ ಸುಮ್ಮನಾದೆ. ಆ ಗಂಡಿಗೆ ಅವನು ಹಳೆ ಪಂಚೆಯ ಚೂರು ತುರುಕಿ, ಮೇಲೆ ಎಂಸೀಲು ಅಂಟು ಮೆತ್ತಿದ್ದ ಸಂಗತಿ ನನಗೆ ಗೊತ್ತಿರಲಿಲ್ಲ. ಹೆಂಡತಿಗೆ ವಾಸನೆ ಬರುತ್ತದಲ್ಲ, ಅದಕ್ಕೆ ಅವನು ಕಂಡುಕೊಂಡ ಉಪಾಯ. ವಾಸನೆಗೆ ಬಾಗಿಲು ಹಾಕಿದರಾಯಿತು ಎಂದುಕೊಂಡಿದ್ದನೇ ಹೊರತು, ಅದು ಮಾತನಾಡುವ ವಿಷಯ ಎಂದು ಅವನಿಗೆ ಅನಿಸಿರಲಿಲ್ಲ.

ನೆತ್ತಿಯ ಪ್ಲೇಟಿಗೆ ಒದ್ದೆ ಗೋಣಿ ಹೊದಿಸಿ ಅದರ ವೈರು ಬಿಚ್ಚಿದೆ. ಹೊಸ ವೈರನ್ನು ನೆಲದ ಅಂಚಿನಲ್ಲಿ ಎಳೆದು ಕ್ಲಿಪ್ಪು ಹೊಡೆದೆವು. ಇನ್ನು ಉಳಿದದ್ದು ಎರಡು ಕೆಲಸ. ಅವನು ಅಡ್ಡಗೋಡೆಗೆ ಹೊಸ ಡಬ್ಬವನ್ನು ಸ್ಕ್ರೂ ಹಾಕಿ ಬಿಗಿಯಬೇಕು. ನಾನು ಮಂಚದ ಕೆಳಗಿನ ಪೆಟ್ಟಿಗೆಯ ಮುಚ್ಚಳ ತೆಗೆದು, ಹಳೆಯ ಡಬ್ಬವನ್ನು ಕಿತ್ತು, ಹೊಸ ವೈರಿನ ತುದಿ ಕೂಡಿಸಬೇಕು. ಜಾಗ ಇಕ್ಕಟ್ಟು. ಅವನು ಆ ಕಡೆ ಮುಖ, ನಾನು ಈ ಕಡೆ ಮುಖ, ಇಬ್ಬರೂ ಮಂಡಿಯೂರಿ, ಬೆನ್ನಿಗೆ ಬೆನ್ನು ತಾಗಿಸಿಕೊಂಡು ಕೂತಿದ್ದೆವು. ತುದಿಗಳಿಗೆ ಸವರಲು ಗ್ರೀಸಿನ ಡಬ್ಬಿಗೆ ಆಗಲೇ ಕೈ ಹಾಕಿದ್ದರಿಂದ ಇಬ್ಬರ ಅಂಗೈಗಳೂ ಕಪ್ಪಾಗಿದ್ದವು. ಈ ಗ್ರೀಸಿನ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದೆ. ತುಕ್ಕು ಹಿಡಿದಿದ್ದವು. ಮುಚ್ಚಳ ಒಂದು ಬದಿಗೆ ಕೊಂಚ ಎದ್ದು ನಿಂತಿತು. ಕೊನೆಯ ಒಂದು ಸ್ಕ್ರೂ ಕದಲಲಿಲ್ಲ. ಇನ್ನಷ್ಟು ಬಗ್ಗಿ, ಕೆನ್ನೆಯನ್ನು ಹಲಗೆಗೆ ಹತ್ತಿರ ತಂದು, ಸ್ಕ್ರೂಡ್ರೈವರ್ ಒತ್ತಿ ಹಿಡಿದೆ.

ಆಗ ನನ್ನ ಬಲಗೆನ್ನೆಗೆ ಏಟು ಬಿತ್ತು.

ಅದು ತಗುಲಿದ್ದಲ್ಲ, ತಾಕಿದ್ದಲ್ಲ, ಕರೆಂಟ್ ಹೊಡೆದದ್ದಂತೂ ಅಲ್ಲ. ಕರೆಂಟಿನ ಏಟನ್ನು ನಾನು ಜೀವಮಾನವಿಡೀ ತಿಂದವನು, ಅದರ ರುಚಿ ನನಗೆ ಗೊತ್ತು. ಇದು ಕೈ. ಅಂಗೈ ಬಿಡಿಸಿ, ತೋಳು ಬೀಸಿ, ಕೊಲ್ಲುವ ಸಿಟ್ಟಿನಲ್ಲಿ ಕೊಟ್ಟ ಏಟು. ತಲೆ ಹಲಗೆಗೆ ಬಡಿಯಿತು, ಕಿವಿಯಲ್ಲಿ ಗುಯ್ಯೆಂದಿತು, ಬಾಯಲ್ಲಿ ರಕ್ತದ ರುಚಿ ಬಂತು. ಹೊಡೆದವನು ಯಾರು ಎಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಗಾಡಿಯೊಳಗೆ ಇದ್ದವರು ನಾವಿಬ್ಬರೇ.

ನಾನು ತಿರುಗಿದೆ. ಅವನೂ ಅದೇ ಗಳಿಗೆಯಲ್ಲಿ ತಿರುಗಿದ. ಅವನು ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನನ್ನನ್ನು ದುರುಗುಟ್ಟಿ ನೋಡುತ್ತಿದ್ದ. ಅವನ ಬಲಗೆನ್ನೆಯ ಮೇಲೆ ಬೆರಳುಗಳ ಗುರುತು ಕೆಂಪಗೆ ಏಳುತ್ತಿತ್ತು.

"ಯಾಕ್ಲಾ ಒಡ್ದೆ ಮುಖಕ್ಕ?" ಎಂದ.

"ನೀನು ಒಡ್ದು ನನ್ನ ಕೇಳೀಯಾ?" ಎಂದೆ.

ಅಷ್ಟೇ ಮಾತು. ಆಮೇಲೆ ಮಾತಿಗೆ ಜಾಗ ಇರಲಿಲ್ಲ. ಮುಖಕ್ಕೆ ಹೊಡೆದ ಎಂಬ ಒಂದೇ ಸಿಟ್ಟು ನನ್ನ ಮೈಯೆಲ್ಲ ತುಂಬಿತ್ತು. ಅವನಿಗೂ ಹಾಗೇ ಆಗಿರಬೇಕು. ಹೊಡೆದದ್ದಕ್ಕಿಂತ, ಹೊಡೆದು ಸುಳ್ಳು ಹೇಳುತ್ತಾನಲ್ಲ ಎಂಬುದು ಹೆಚ್ಚು ಉರಿಯಿತು. ನಾನು ಅವನ ಕುತ್ತಿಗೆಗೆ ಕೈ ಹಾಕಿದೆ. ಅವನು ನನ್ನ ಹೊಟ್ಟೆಗೆ ಮಂಡಿ ಕೊಟ್ಟ. ಬೀರುವಿನ ಕನ್ನಡಿ ಒಡೆಯಿತು, ಪಾತ್ರೆಗಳು ಉರುಳಿದವು. ಇಬ್ಬರೂ ಒಬ್ಬರನ್ನೊಬ್ಬರು ಕಚ್ಚಿಕೊಂಡ ಹಾಗೆ ಬಾಗಿಲಿನಿಂದ ಹೊರಗೆ, ಮೆಟ್ಟಿಲ ಮೇಲಿಂದ ಮರಳಿಗೆ ಬಿದ್ದೆವು.

ಗರಡಿಯಲ್ಲಿ ಎಷ್ಟೋ ಸಲ ಅವನೊಂದಿಗೆ ಹೊರಳಾಡಿದ್ದೆ. ಅಲ್ಲಿ ಎದುರಾಳಿಯ ಮೂಳೆ ಎಲ್ಲಿ ಮುರಿಯುತ್ತದೆ ಎಂದು ಕಲಿಸಿದ್ದು ಮುರಿಯದಿರಲಿ ಎಂದು. ಆ ಮಧ್ಯಾಹ್ನ ಅದನ್ನೇ ತಿರುಗಿಸಿ ಬಳಸಿದೆವು. ಅವನ ಬೆರಳೊಂದು ನನ್ನ ಕೈಯಲ್ಲಿ ಚಟ್ಟೆಂದದ್ದು ಕೇಳಿಸಿತು, ಬಿಡಲಿಲ್ಲ. ಅವನು ನನ್ನ ಮೋರೆಯನ್ನು ಮರಳಿಗೆ ಒತ್ತಿ ಹಿಡಿದು ಉಸಿರು ಕಟ್ಟಿಸಿದ. ಹೇಗೋ ಹೊರಳಿ ಎದ್ದವನು ಮುಷ್ಟಿ ಕಟ್ಟಿ ಅವನ ಬಾಯಿಗೆ ಗುದ್ದಿದೆ. ಹಲ್ಲು ಮುರಿದು ನನ್ನ ಬೆರಳಗಂಟಿಗೆ ನಾಟಿತು. ಆ ಗಾಯದ ಕಲೆ ಈಗಲೂ ಇದೆ. ಅವನನ್ನು ಅವತ್ತು ಕೊಂದೇಬಿಡುತ್ತಿದ್ದೆನೇನೋ. ಹಾಗೆ ಅನಿಸಿದ್ದು ನಿಜ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ರಾಜಮ್ಮ ಅವರೆಕಾಯಿ ಚೆಲ್ಲಿ ಓಡಿ ಬಂದಿದ್ದಳು. ಗಂಡನ ಅಂಗಿ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. "ಅಣ್ಣ, ಬುಡ್ರಣ್ಣ, ನಿಮ್ಮ ಕಾಲ್ಗ ಬೀಳ್ತೀನಿ" ಎಂದು ಅಳುತ್ತಿದ್ದಳು. ನಡುವೆ ಒಂದು ಸಲ ಗಾಡಿಯ ಕಡೆ ತಿರುಗಿ, "ದೀಪುಕ್ಕ ಎಣ್ಣ ಬುಡೋ ಒತ್ತು" ಎಂದು ಮೆಟ್ಟಿಲ ಹತ್ತಿರ ಹೋದವಳು, ನಾವು ಮತ್ತೆ ಕೈಕೈ ಮಿಲಾಯಿಸಿದ್ದು ಕಂಡು ವಾಪಸ್ಸು ಓಡಿ ಬಂದು ನಮ್ಮ ನಡುವೆ ಬಿದ್ದಳು.

ಅವಳು ಬಿದ್ದ ಹಿಂದೆಯೇ ಗಾಡಿ ಸಿಡಿಯಿತು.

ಸದ್ದು ಎದೆಗೆ ಬಡಿಯಿತು. ಕಿಟಕಿಯ ಗಾಜುಗಳು ನಮ್ಮ ತಲೆಯ ಮೇಲೆ ಹಾರಿ ಹೋದವು. ನೆತ್ತಿಯ ತಗಡು ಉಬ್ಬಿ ಒಂದು ಕಡೆ ಸೀಳಿತು. ಒಳಗೆ ಹಾಸಿಗೆಗೆ ಬೆಂಕಿ ಹತ್ತಿತು. ಒಲೆಯ ಸಿಲಿಂಡರಿಗೆ ತಗುಲುವ ಮೊದಲು ಆರಿಸಬೇಕಿತ್ತು. ಒಂದು ಗಳಿಗೆಯ ಹಿಂದೆ ಒಬ್ಬರನ್ನೊಬ್ಬರು ಕೊಲ್ಲಲು ಹೊರಟವರು ಬಿಂದಿಗೆ, ಬಕೆಟ್ಟು, ರಾಜಮ್ಮನ ಸೆರಗು, ಕೈಗೆ ಸಿಕ್ಕಿದ್ದರಲ್ಲಿ ಮರಳು ನೀರು ಹೊತ್ತು ಎರಚಿದೆವು. ಅವನು ಮುರಿದ ಬೆರಳಿನ ಕೈಯಲ್ಲೇ ಸಿಲಿಂಡರನ್ನು ಎಳೆದು ಹೊರಗೆ ಉರುಳಿಸಿದ. ಬಾಯಿಂದ ರಕ್ತ ಸುರಿಯುತ್ತಿತ್ತು.

ಬೆಂಕಿ ಆರಿದ ಮೇಲೆ ಒಳಗೆ ಹೋಗಿ ನೋಡಿದೆವು. ನಾನು ಕೆನ್ನೆಯೊಡ್ಡಿ ಬಗ್ಗಿದ್ದ ಜಾಗದಲ್ಲಿ ಮಂಚದ ಹಲಗೆ ಸೀಳಿ, ಅದರ ಚೂಪು ತುದಿ ಚಾವಣಿಗೆ ಚುಚ್ಚಿಕೊಂಡು ನಿಂತಿತ್ತು. ಗೋಡೆಗಳ ತುಂಬಾ ಆಸಿಡ್ಡಿನ ಹನಿಗಳು ಹೊಗೆಯಾಡುತ್ತಿದ್ದವು. ದೇವರ ಗೂಡು ಇರಲೇ ಇಲ್ಲ. ಮೊದಲು ಸಿಡಿದದ್ದು ಅಲ್ಲೇ. ಉಸಿರುಗಂಡಿಯಲ್ಲಿ ಅರ್ಧ ಸುಟ್ಟ ಪಂಚೆಯ ಚೂರು ಕಂಡ ಮೇಲೆ ಏನಾಯಿತು ಎಂದು ನನಗೆ ತಿಳಿಯಿತು: ನಾನು ಸಡಿಲಿಸಿದ ಮುಚ್ಚಳದ ಸಂದಿನಿಂದ, ದಿನಗಟ್ಟಲೆ ಒಳಗೆ ಕಟ್ಟಿಕೊಂಡಿದ್ದ ಗ್ಯಾಸು ಸದ್ದಿಲ್ಲದೆ ಹೊರಬಂದು, ಕಿಟಕಿ ಮುಚ್ಚಿದ ಗಾಡಿಯಲ್ಲಿ ಚಾವಣಿಗೆ ಏರಿ, ದೀಪವನ್ನು ಮುಟ್ಟಿ, ಆ ಬೆಂಕಿ ಅದೇ ಸಂದಿನಿಂದ ಪೆಟ್ಟಿಗೆಗೂ ಇಳಿದಿತ್ತು. ಜಗಳವಾಗದಿದ್ದರೆ ನಾವಿಬ್ಬರೂ ಒಳಗೆ ಇರುತ್ತಿದ್ದೆವು. ದೀಪಕ್ಕೆ ಎಣ್ಣೆ ಬಿಡಲು ಹೋದ ರಾಜಮ್ಮನೂ ಇರುತ್ತಿದ್ದಳು. ಸಿಡಿದದ್ದಕ್ಕೆ ಕಾರಣ ಹುಡುಕಲು ನನಗೆ ಯಾವ ದೇವರೂ ದೆವ್ವವೂ ಬೇಕಾಗಲಿಲ್ಲ.

ನಾವು ಉಳಿದದ್ದಕ್ಕೆ ಕಾರಣ ಈವರೆಗೂ ಸಿಕ್ಕಿಲ್ಲ.

ಮೂವರೂ ಹೊಂಗೆಮರದ ಬುಡದಲ್ಲಿ ಕೂತೆವು. ರಾಜಮ್ಮ ಸೆರಗು ಒದ್ದೆ ಮಾಡಿ ಗಂಡನ ಮುಖ ಒರೆಸಿದಳು, ಆಮೇಲೆ ನನ್ನದು. ಒರೆಸುತ್ತ ಒರೆಸುತ್ತ ಅವಳ ಕೈ ನಿಂತಿತು. ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂರಿಸಿ ನೋಡಿದಳು. ಇಬ್ಬರ ಬಲಗೆನ್ನೆಯ ಮೇಲೂ ಬಾಸುಂಡೆ ಎದ್ದಿತ್ತು. ಅದೇ ಉದ್ದ, ಅದೇ ಅಗಲ, ಕಿವಿಯ ಬುಡದಲ್ಲಿ ಹೆಬ್ಬೆರಳಿನ ಅದೇ ಒತ್ತು. ತನ್ನ ಅಂಗೈಯನ್ನು ಮೊದಲು ಅವನ ಕೆನ್ನೆಗೆ, ಆಮೇಲೆ ನನ್ನ ಕೆನ್ನೆಗೆ ಹಿಡಿದು ನೋಡಿದಳು. ಎರಡೂ ಕಡೆ ಅವಳ ಬೆರಳು ಒಂದೇ ಅಳತೆ ಗಿಡ್ಡವಾಗಿತ್ತು.

"ಇಬ್ರಿಗೂ ಒಂದೇ ಕೈಯಿ" ಎಂದಳು. ಕೈ ಹಿಂದಕ್ಕೆ ತೆಗೆದುಕೊಂಡು, "ಸದ್ದೂ ಒಂದೇ ಕೇಳ್ತು ನಂಗ" ಎಂದಳು. ಬಾಗಿಲ ಎದುರಿಗೇ ಕೂತಿದ್ದ ಅವಳು ಯಾರೂ ಒಳಗೆ ಹೋದದ್ದನ್ನು ನೋಡಿರಲಿಲ್ಲ.

ನಾನು ಆ ಮಾತನ್ನು ತಳ್ಳಿ ಹಾಕಿದೆ. ನೀನೇ ಹೊಡೆದದ್ದು, ಒಪ್ಪಿಕೋ, ಜೀವ ಉಳಿಯಿತಲ್ಲ ಎಂದು ಅವನಿಗೆ ಹೇಳಿದೆ. ಅವನು ಬಾಯೊಳಗಿನ ರಕ್ತ ಉಗಿದು, ಗರಡಿ ಮಣ್ಣಿನಾಣೆ ನಾನಲ್ಲ, ನೀನು ಎಂದ. ನಮ್ಮಲ್ಲಿ ಆ ಆಣೆಯನ್ನು ಸುಮ್ಮನೆ ಹಾಕುವುದಿಲ್ಲ. ನಾನೂ ಅದೇ ಆಣೆ ಹಾಕಿದೆ.

ಊರಿಗೆ ಬಂದ ಮೇಲೆ ನಾನು ಪರೀಕ್ಷೆಗೆ ಇಳಿದೆ. ಅಂಗಡಿಯಲ್ಲಿ ನನ್ನ ತಮ್ಮನನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ, ತಿರುಗದೆ ಕೈ ಬೀಸಿ ಕೆನ್ನೆಗೆ ಹೊಡೆಯಲಾಗುತ್ತದೆಯೇ ನೋಡಿದೆ. ಮುಂಗೈ ತಾಗುತ್ತದೆ, ಮೊಣಕೈ ತಾಗುತ್ತದೆ, ಅಂಗೈ ಬೀಳುವುದಿಲ್ಲ. ಆಮೇಲೆ ಗ್ರೀಸು ನೆನಪಾಯಿತು. ನನ್ನ ಎರಡು ಕೈಗಳೂ ಕಪ್ಪು ಗ್ರೀಸಾಗಿದ್ದವು. ಮಹದೇವಸ್ವಾಮಿ ತಿರುಗಿ ನನ್ನನ್ನು ನೋಡಿದ ಆ ಮೊದಲ ಗಳಿಗೆಯಲ್ಲಿ, ಜಗಳ ಶುರುವಾಗುವ ಮುಂಚೆ, ಅವನ ಕೆನ್ನೆಯ ಮೇಲೆ ಕೆಂಪು ಬಿಟ್ಟರೆ ಒಂದು ಚುಕ್ಕೆ ಕಪ್ಪಿರಲಿಲ್ಲ. ಇದನ್ನು ಅವನಿಗೆ ಹೇಳಿದಾಗ, ನಿನ್ನ ಕೆನ್ನೆಯೂ ಹಾಗೇ ಇತ್ತು, ನಾನೂ ಅದನ್ನೇ ಯೋಚಿಸುತ್ತಿದ್ದೇನೆ ಎಂದ. ನನ್ನ ಕೆನ್ನೆಯನ್ನು ನಾನು ನೋಡಿಕೊಂಡಿರಲಿಲ್ಲ. ಆಮೇಲಿನ ಹೊಡೆದಾಟದಲ್ಲಿ ಗ್ರೀಸು, ರಕ್ತ, ಮರಳು ಎಲ್ಲ ಕಲಸಿ ಹೋಗಿ, ಸಾಕ್ಷಿ ಎನ್ನುವುದು ಏನೂ ಉಳಿಯಲಿಲ್ಲ.

ಗಾಡಿ ಮತ್ತೆ ಎದ್ದು ನಿಂತಿತು. ಬ್ಯಾಟರಿಯನ್ನು ಹೊರಗೆ, ಗಾಡಿಯ ಅಡಿಯ ಚಾಸಿಗೆ ಕಟ್ಟಿಸಿದೆ, ಕಂಟ್ರೋಲರನ್ನು ಅಡ್ಡಗೋಡೆಗೆ ನಾನೇ ಕೂರಿಸಿದೆ. ಈ ಸಲ ರಾಜಮ್ಮ ಹೊಸ ಗೂಡಿನಿಂದ ದೇವರನ್ನೇ ಕೆಳಗಿಳಿಸಿ ಮರದ ಬುಡದಲ್ಲಿಟ್ಟು, ದೀಪವನ್ನೂ ಅಲ್ಲೇ ಹಚ್ಚಿದಳು. ಅವರು ಕಡಲು ನೋಡಿ ಬಂದರು. ಅವಳು ನನಗಾಗಿ ಒಂದು ಶಂಖದ ಚೂರು ತಂದುಕೊಟ್ಟಳು. ತನ್ನ ಗೂಡು ಸುಟ್ಟುಕೊಂಡು ದೇವರು ನಮ್ಮನ್ನು ಉಳಿಸಿದ, ಅಷ್ಟೇ ಅಣ್ಣ, ಅದರಲ್ಲಿ ತಿಳಿಯೋದೇನಿದೆ ಎಂಬುದು ಅವಳ ತೀರ್ಮಾನ. ದೇವರು ಇಷ್ಟು ಜೋರಾಗಿ ಹೊಡೆಯುತ್ತಾನೆಯೇ ಎಂದು ನಾನು ಅಣಕಿಸಿದೆ. "ಮೆಲ್ಲಗ ಒಡ್ದಿದ್ರ ನೀವು ಎದ್ದು ಬತ್ತಿದ್ರಾ?" ಎಂದಳು.

ಮಹದೇವಸ್ವಾಮಿ ಮಾತ್ರ ಊರಿಗೆಲ್ಲ ನನ್ನ ಹೆಸರು ಹೇಳಿಕೊಂಡು ಬಂದ. ನನ್ನ ಗೆಳೆಯ ಗ್ಯಾಸಿನ ಸೂಕ್ಷ್ಮ ತಿಳಿದು, ಹೇಳಿದರೆ ಕೇಳುವುದಿಲ್ಲವೆಂದು ಕೆನ್ನೆಗೆ ಬಿಟ್ಟು ಹೊರಗೆಳೆದ ಎಂದು. ಬಜಾರಿನಲ್ಲಿ ಜನ ನನ್ನನ್ನು ನಿಲ್ಲಿಸಿ, "ಒಳ್ಳೆ ಟೈಮ್ಗೆ ಒಡುದ್ರಿ ಸಾ" ಎನ್ನುತ್ತಿದ್ದರು. ಹೊಡೆಯದ ಏಟಿಗೆ ಹೊಗಳಿಸಿಕೊಳ್ಳುವ ಕಷ್ಟ ಏನೆಂದು ನಿಮಗೆ ಗೊತ್ತಿರಲಾರದು. ಒಂದು ದಿನ ಅವನ ಅಂಗಿ ಹಿಡಿದು ಕೇಳಿದೆ, ಯಾಕೆ ಹೀಗೆ ಹೇಳುತ್ತೀಯ ಎಂದು. ಕಟ್ಟಿಸಿದ ಹಲ್ಲನ್ನು ತೋರಿಸಿ ನಕ್ಕ.

ಆಮೇಲಾಮೇಲೆ ನಮ್ಮ ನಡುವೆ ಒಂದು ಬಗೆಯ ಸಂಕೋಚ ಬೆಳೆಯಿತು. ಮಾತು ನಿಲ್ಲಲಿಲ್ಲ, ಹೋಗಿಬರುವುದೂ ನಿಲ್ಲಲಿಲ್ಲ. ಆದರೆ ಹೆಗಲ ಮೇಲೆ ಕೈ ಹಾಕುವುದು ನಿಂತಿತು. ಕೆಲವು ದಿನ ನನಗೆ ಅವನೇ ಹೊಡೆದ ಎಂದು ಖಚಿತವಾಗಿ ಅನಿಸುತ್ತಿತ್ತು. ಆಣೆಯೂ ಸುಳ್ಳು, ಗ್ರೀಸಿನ ಮಾತೂ ಸುಳ್ಳು. ಆದರೆ ಆಗ ಅವನ ಕೆನ್ನೆಗೆ ಬಿದ್ದ ಏಟು ಯಾರದ್ದು? ನಾನು ಹೊಡೆಯಲಿಲ್ಲ ಎಂಬುದು ನನಗೆ ಗೊತ್ತು. ಅಲ್ಲಿಗೆ ಬಂದು ನನ್ನ ತರ್ಕ ಪ್ರತಿ ಸಲವೂ ಮುಗ್ಗರಿಸುತ್ತಿತ್ತು. ಅವನಿಗೂ ನನ್ನ ವಿಚಾರದಲ್ಲಿ ಇದೇ ಗತಿ ಆಗಿರಬೇಕು.

ಕಡೆಗಾಲದಲ್ಲಿ ಲಕ್ವದಿಂದ ಅವನ ಎಡಭಾಗ ಬಿದ್ದುಹೋಗಿತ್ತು. ದೇವನೂರಿನಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದ. ನೋಡಲು ಹೋದಾಗ ರಾಜಮ್ಮ ಗಂಜಿ ಕುಡಿಸುತ್ತಿದ್ದಳು. ಅವಳು ಎದ್ದು ಒಳಗೆ ಹೋದ ಮೇಲೆ ನಾನು ತಡೆಯಲಾರದೆ ಕೇಳಿಬಿಟ್ಟೆ. ಈಗಲಾದರೂ ನಿಜ ಹೇಳು, ನೀನೇ ಅಲ್ಲವೇ?

ಅವನ ಮಾತು ತೊದಲುತ್ತಿತ್ತು. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ.

"ಎಲ್ರಿಗೂ ನಿನ್ನೆಸ್ರೇ ಯಾಕ ಏಳ್ತಿದ್ದೆ ಗೊತ್ತಾ? ನೀನೇ ಒಡ್ದಿರ್ಲಿ ಅಂತ ಕಣ್ಲಾ. ನೀನಾದ್ರ ಮಾಫಿ ಮಾಡ್ಬುಟ್ಟು ನೆಮ್ಮದಿಯಾಗಿ ಮಲಿಕಬೋದಿತ್ತು. ಯಾರು ಅಂತ್ಲೇ ಗೊತ್ತಿಲ್ದಿದ್ರ ಯಾರ್ಗ ಕೈ ಮುಗೀಲಿ?"

ಹಾಗೆಂದು ಸರಿಯಿದ್ದ ಬಲಗೈಯನ್ನು ಎತ್ತಿ, ನನ್ನ ಬಲಗೆನ್ನೆಯ ಮೇಲೆ ಅಂಗೈ ಇಟ್ಟ. ಹೊಡೆಯುವುದಕ್ಕಲ್ಲ, ಅಳತೆ ನೋಡುವುದಕ್ಕೆ. ಬೆರಳುಗಳನ್ನು ಅಗಲಿಸಿ, ಕಿವಿಯ ಬುಡಕ್ಕೆ ಹೆಬ್ಬೆರಳು ತರಲು ನೋಡಿದ. ಎಷ್ಟು ಹೊರಳಿಸಿದರೂ ಆ ಕೈ ಅಲ್ಲಿಗೆ ಕೂರಲಿಲ್ಲ. ಇಬ್ಬರಿಗೂ ಅದು ಗೊತ್ತಾಯಿತು. ಅವನು ಕೈ ತೆಗೆಯಲಿಲ್ಲ. ರಾಜಮ್ಮ ನೀರು ತರುವ ತನಕ ಅದು ಅಲ್ಲೇ ಇತ್ತು. ನಾನು ಅತ್ತೆ.

ಅವನು ಹೋಗಿ ವರ್ಷಗಳಾದವು. ನಾನು ಈಗಲೂ ಒಮ್ಮೊಮ್ಮೆ ಬ್ಯಾಟರಿ ಪೆಟ್ಟಿಗೆ ಬಿಚ್ಚುತ್ತೇನೆ. ಉಸಿರುಗಂಡಿಗೆ ಕಡ್ಡಿ ಹಾಕಿ ನೋಡುತ್ತೇನೆ, ಕಿಟಕಿ ತೆಗೆಸುತ್ತೇನೆ, ದೀಪ ಇದ್ದರೆ ಹೊರಗೆ ಕಳಿಸುತ್ತೇನೆ. ಮೀಟರು ಹೇಳಿದ್ದನ್ನೇ ನಂಬುತ್ತೇನೆ. ಆದರೂ ಕೊನೆಯ ಸ್ಕ್ರೂಗೆ ಬಂದಾಗ ಸ್ಕ್ರೂಡ್ರೈವರ್ ಹಿಡಿದ ಕೈ ತಾನಾಗಿ ನಿಲ್ಲುತ್ತದೆ. ಬಲಗೆನ್ನೆಯನ್ನು ಒಂದಿಷ್ಟು ಮೇಲಕ್ಕೆತ್ತಿ, ಉಸಿರು ಹಿಡಿದು, ಬೀಳುವುದಾದರೆ ಈಗ ಬೀಳಲಿ ಎಂದು ಕಾಯುತ್ತೇನೆ. ಈವರೆಗೂ ಬಿದ್ದಿಲ್ಲ.